ಎಲ್ಲಾ ನಮ್ಮೋರೇ ಸಾರ್

ಬೆಳಗ್ಗೆ ಆರು ಗಂಟೆಗೆ ಯಲಹಂಕ ಉಪನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ನಡೆದುಹೋಗಿ. ಲುಂಗಿ ಎತ್ತಿಕಟ್ಟಿ, ಸಂಪಿನೊಳಗೆ ಅರ್ಧ ಮೈ ಇಳಿಬಿಟ್ಟು, ಮೊಬೈಲ್ ಟಾರ್ಚಿನಲ್ಲಿ ನೀರಿನ ಮಟ್ಟ ನೋಡುತ್ತಿರುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಪ್ಲಂಬರ್ ಅಂದುಕೊಂಡು ನಂಬರು ಕೇಳಬೇಡಿ. ಅವರು ಎರಡೂವರೆ ಕೋಟಿಯ ಆಸಾಮಿ, ಮನೆ ಓನರ್ರು.

ಈ ತಳಿ ಆರ್.ಟಿ. ನಗರದಲ್ಲೂ ಉಂಟು, ಮತ್ತಿಕೆರೆ-ಯಶವಂತಪುರದಲ್ಲೂ ಉಂಟು. ಬಿಇಎಲ್ಲೋ, ಎಚ್‌ಎಂಟಿಯೋ, ರೈಲು ಗಾಲಿ ಕಾರ್ಖಾನೆಯೋ, ಎಲ್ಲೋ ಒಂದು ಕಡೆ ಮೂವತ್ತು ವರ್ಷ ಶಿಫ್ಟ್ ಮಾಡಿ, ಬಂದ ಪಿಎಫ್ ಹಣವನ್ನೆಲ್ಲ ಮೂವತ್ತು-ನಲವತ್ತರ ಸೈಟಿನ ಮೇಲೆ ಸುರಿದವರು. ಕೆಳಗೆ ತಾವು. ಮೊದಲನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ, ಬಾಡಿಗೆ 22 ಸಾವಿರ. ಎರಡನೆಯದರಲ್ಲಿ ಒಂದೊಂದು ಬೆಡ್‌ರೂಮಿನ ಎರಡು ಮನೆ, ತಲಾ 12 ಸಾವಿರ. ತಾರಸಿಯ ಮೇಲೆ ಆರು ಸಾವಿರದ ಒಂದು ರೂಮು. ಮಂಜೂರಾದ ಪ್ಲಾನಿನಲ್ಲಿ 'ನೀರಿನ ಟ್ಯಾಂಕ್' ಎಂದು ತೋರಿಸಿರುವ ಆ ಜಾಗದಲ್ಲಿ ಈಗ ಹಾವೇರಿ ಕಡೆಯ ಹುಡುಗನೊಬ್ಬ ವಾಸವಾಗಿದ್ದಾನೆ.

ಬಾಡಿಗೆದಾರನಿಗೆ ಬಾಡಿಗೆದಾರ ಎಂಬ ಒಂದೇ ಪದವಿ ಎಂದು ನೀವು ತಿಳಿದಿದ್ದರೆ, ನೀವಿನ್ನೂ ಓನರ್ರ ಫೈಲುಗಳನ್ನು ನೋಡಿಲ್ಲ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ನಾವೇ ಘೋಷಿಸಿಕೊಳ್ಳಬೇಕು. ಸ್ವಂತ ವಾಸದ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟದ್ದಕ್ಕೆ ಅದರ ಎರಡರಷ್ಟು. ಈ ಎರಡರಷ್ಟು ಎಂಬಲ್ಲಿ ಓನರ್ರ ವಾತ್ಸಲ್ಯ ಉಕ್ಕುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ; ಆ ತಿಂಗಳ ಮೊದಲ ವಾರದಲ್ಲೇ ಇಡೀ ಕಟ್ಟಡ 'ಸ್ವಂತ ವಾಸ' ಆಗಿಬಿಡುತ್ತದೆ. ಕಂದಾಯದವರು ಬಂದು ಮೇಲೆ ಬೆರಳು ತೋರಿಸಿದರೆ, "ಎಲ್ಲಾ ನಮ್ಮೋರೇ ಸಾರ್. ಮೊದಲನೇ ಮಹಡೀಲಿ ಅಣ್ಣನ ಮಗ, ಅದರ ಮೇಲೆ ನಮ್ಮನೆಯೋಳ ಕಡೆಯೋರು." ಅಣ್ಣನ ಮಗ ಮನೆಯೊಳಗೆ ತಮಿಳು ಬಿಟ್ಟು ಬೇರೆ ಮಾತಾಡುವುದಿಲ್ಲ ಎಂಬುದು ಸಣ್ಣ ವಿಚಾರ.

ತೆರಿಗೆ ವಸೂಲಿಯ ಬೋರ್ಡು ಮಾತ್ರ ಅವರ ಕಣ್ಣೆದುರೇ ಎರಡು ಸಲ ಬದಲಾಗಿದೆ. ಮೊದಲು ಯಲಹಂಕ ನಗರಸಭೆ, 2007ರಿಂದ ಬಿಬಿಎಂಪಿ, 2025ರ ಸೆಪ್ಟೆಂಬರಿನಿಂದ ಬೆಂಗಳೂರು ಉತ್ತರ ನಗರ ಪಾಲಿಕೆ. ಹೆಸರು ಮೂರಾದರೂ ಮನೆ ಮುಂದಿನ ಮೋರಿ ಒಂದೇ ಎಂದು ಅವರ ದೂರು. 2025ರಿಂದ ಆ ತೆರಿಗೆಯ ಜೊತೆಗೇ ಕಸಕ್ಕೂ ಶುಲ್ಕ ಸೇರಿದೆ, ಕಟ್ಟಡ ದೊಡ್ಡದಾದಷ್ಟೂ ಜಾಸ್ತಿ. ಅದನ್ನು ಮಾತ್ರ ಅಣ್ಣನ ಮಗನಿಂದಲೇ ವಸೂಲಿ ಮಾಡುತ್ತಾರೆ.

2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಕರೆಂಟು ಬಿಟ್ಟಿ, ಬಾಡಿಗೆಯವರಿಗೂ ಉಂಟು; ಆದರೆ ಇದೇ ಮನೆಯಲ್ಲಿ ಬಾಡಿಗೆಗೆ ಇದ್ದೇನೆ ಎಂದು ತೋರಿಸಲು ಕರಾರು ಪತ್ರದಂಥ ದಾಖಲೆ ಬೇಕು. ಅಣ್ಣನ ಮಗ ಬಂದು, "ಅಂಕಲ್, ಅಗ್ರಿಮೆಂಟ್ ಕಾಪಿ" ಎಂದಾಗ ಓನರ್ರಿಗೆ ಧರ್ಮಸಂಕಟ. ಪಾಲಿಕೆಗೆ ಬಂಧು, ಬೆಸ್ಕಾಂಗೆ ಬಾಡಿಗೆದಾರ. ಎರಡೂ ಆಫೀಸಿನವರು ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಈ ವಿಷಯ ಬಂದುಬಿಟ್ಟರೆ ಎಂದು ಅವರು ನಾಲ್ಕು ದಿನ ನಿದ್ದೆಗೆಟ್ಟರು.

ತಾರಸಿಯ ಹುಡುಗನ ಕಥೆ ಬೇರೆ. ನೀರಿನ ಟ್ಯಾಂಕಿಗೆ ಯಾರೂ ಪ್ರತ್ಯೇಕ ಮೀಟರು ಕೊಡುವುದಿಲ್ಲವಾದ್ದರಿಂದ ಅವನು ಓನರ್ರ ಮೀಟರಿನ ಮೇಲೆಯೇ ಬದುಕುತ್ತಾನೆ. ಒಂದು ಸಬ್ ಮೀಟರು ಹಾಕಿ ಯೂನಿಟ್ಟಿಗೆ ಹತ್ತು ರೂಪಾಯಿ ಇಸಿದುಕೊಳ್ಳುತ್ತಾರೆ. ತಮ್ಮ ಬಿಲ್ಲಿನಲ್ಲಿ ಸೊನ್ನೆ. ಆದರೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಲ್ಲ! ಹಾಗಾಗಿ ತಿಂಗಳ ಕೊನೆಯ ವಾರ ಓನರ್ರು ಮಂಡಿನೋವು ಮರೆತು ಮೂರು ಮಹಡಿ ಹತ್ತುತ್ತಾರೆ. "ಏನಪ್ಪಾ, ಬಿಸಿನೀರಿನ ಸ್ನಾನ ಮಾಡಿದ್ರೆ ಈ ವಯಸ್ಸಿಗೇ ಕೂದಲು ಉದುರುತ್ತೆ."

ಇನ್ನು ಆದಾಯ ತೆರಿಗೆ. ಸಂಬಳದವರು ಎಚ್‌ಆರ್‌ಎ ವಿನಾಯಿತಿ ಕೇಳುವಾಗ ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ನಂಬರು ಕೊಡಬೇಕು. ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 8,333. ಎಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವರಿಗೂ ಈ ಭಾಗಾಕಾರ ಬಾಯಿಪಾಠ. 12 ಸಾವಿರ ಕೈಗೆ ತೆಗೆದುಕೊಂಡು 8,300ಕ್ಕೆ ರಸೀತಿ ಬರೆದುಕೊಡುತ್ತಾರೆ. ಬಾಡಿಗೆ ಆದಾಯದಲ್ಲಿ ನೂರಕ್ಕೆ ಮೂವತ್ತನ್ನು, ರಿಪೇರಿ ಮಾಡಿಸಲಿ ಬಿಡಲಿ, ಕಾನೂನೇ ಕಳೆದುಕೊಡುತ್ತದೆ. ಆದರೆ ಅದನ್ನು ಪಡೆಯಬೇಕಾದರೆ ಬಾಡಿಗೆ ಬರುತ್ತಿದೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಅಷ್ಟು ಕಷ್ಟ ಯಾರಿಗೆ ಬೇಕು?

ನೀರಿನ ವಿಷಯಕ್ಕೆ ಬಂದರೆ ಬಂಧುತ್ವ ಪೂರಾ ಕಡಿದುಹೋಗುತ್ತದೆ. ಮನೆ ನೋಡಲು ಬಂದವರಿಗೆ ಮೊದಲ ಪ್ರಶ್ನೆ "ವೆಜ್ಜಾ?" ಎರಡನೆಯದು "ನೀವು ಯಾವ ಕಡೆಯೋರು?" (ಊರು ಹೇಳಿದರೆ ಸಾಲದು, ಅವರು ಕೇಳಿದ್ದು ಅದನ್ನಲ್ಲ.) ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: "ನೆಂಟರಿಷ್ಟರು ಬರೋದು ಜಾಸ್ತೀನಾ?" 2024ರ ಬೇಸಗೆಯಲ್ಲಿ ಬೋರುಗಳು ಬತ್ತಿ, ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಗಿ ಬಂತು. ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಆ ದರಕ್ಕೆ ಟ್ಯಾಂಕರ್ ಕೊಡುತ್ತಿದ್ದವನು ಫೋನ್ ಎತ್ತುತ್ತಿರಲಿಲ್ಲ. ಎತ್ತಿದವನು ಆ ದರ ಕೇಳಿ ನಗುತ್ತಿದ್ದ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಎಂದು ಜಲಮಂಡಳಿ ಹೊರಡಿಸಿದ ಆದೇಶವನ್ನು ಓನರ್ರು ಮೂರು ಪ್ರತಿ ಮಾಡಿಸಿ ಮೆಟ್ಟಿಲಿಗೆ ಅಂಟಿಸಿದರು. ಕಟ್ಟಡದಲ್ಲಿ ಕಾರಿದ್ದದ್ದು ಅವರೊಬ್ಬರಿಗೇ.

ಬಾಡಿಗೆ ಏರಿಸುವುದಕ್ಕೆ ಕಾರಣ ಹುಡುಕಲು ಉತ್ತರ ಬೆಂಗಳೂರಿನಷ್ಟು ಅನುಕೂಲದ ಊರು ಬೇರೊಂದಿಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂತು, ಬಾಡಿಗೆ ಏರಿತು. ಬಳ್ಳಾರಿ ರಸ್ತೆಯಲ್ಲಿ ಮೆಟ್ರೋ ಕಂಬ ಎದ್ದಿತು, ಬಾಡಿಗೆ ಏರಿತು. ರೈಲು ಇನ್ನೂ ಬಂದಿಲ್ಲ, ಅದರ ಟಿಕೆಟ್ಟಿನ ದುಡ್ಡನ್ನು ಬಾಡಿಗೆಯವರು ಈಗಾಗಲೇ ಕಟ್ಟುತ್ತಿದ್ದಾರೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ವಾಯುನೆಲೆಯಲ್ಲಿ ನಡೆಯುವ ಏರ್ ಶೋ ಕೂಡ "ಸೌಕರ್ಯ"ಗಳ ಪಟ್ಟಿಯಲ್ಲಿದೆ. "ತಾರಸಿ ಮೇಲಿಂದ ಫ್ರೀಯಾಗಿ ನೋಡ್ಬೋದು." ಶೋ ದಿನ ತಾರಸಿಯ ಬೀಗದ ಕೈ ಮಾತ್ರ ಓನರ್ರ ಷಡ್ಡಕನ ಕೈಯಲ್ಲಿರುತ್ತದೆ.

ಡಲ್ಲಾಸಿನಲ್ಲಿರುವ ಮಗ ಒಮ್ಮೆ ವಿಡಿಯೋ ಕಾಲಿನಲ್ಲಿ ಲೆಕ್ಕ ಒಪ್ಪಿಸಿದ. "ಅಪ್ಪಾ, ಎಲ್ಲಾ ಮನೆ ಸೇರಿ ತಿಂಗಳಿಗೆ 52 ಸಾವಿರ. ಅದರಲ್ಲಿ ಮೋಟರು, ಪೇಂಟು, ಟ್ಯಾಂಕರು ಕಳಿ. ಎರಡೂವರೆ ಕೋಟಿಗೆ ಮಾರಿ ಬ್ಯಾಂಕಲ್ಲಿ ಇಟ್ರೆ, ಆರೂವರೆ ಪರ್ಸೆಂಟಿಗೆ ತಿಂಗಳಿಗೆ ಲಕ್ಷದ ಮೂವತ್ತೈದು ಸಾವಿರ. ಸಂಪೂ ಇಲ್ಲ, ಮೋಟರೂ ಇಲ್ಲ."

ಓನರ್ರು ಕನ್ನಡಕ ತೆಗೆದು ಒರೆಸಿದರು. "ಎಫ್‌ಡಿ ನಾನು ಬಂದ್ರೆ ಎದ್ದು ನಿಲ್ಲುತ್ತೇನೋ?"

ಅದಕ್ಕೆ ಮಗನ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ. ನನಗೂ ಅವರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿದ್ದು ಈ ಮಾತಿಗೇ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಾವೇ ಎದ್ದು ನಿಂತವರು.

ಅವರ ಭಯವನ್ನೂ ಹೇಳಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆಗೆ ಬಂದವನು ಮೊಮ್ಮಗನ ಮದುವೆಯನ್ನೂ ಅದೇ ಮನೆಯಲ್ಲಿ ಮಾಡಿ, ಓನರನೇ ಕೋರ್ಟು ಅಲೆದ ಕಥೆಗಳನ್ನು ಕೇಳಿ ಬೆಳೆದವರು ಇವರು. ಅದಕ್ಕೇ ಕರಾರು ಹನ್ನೊಂದೇ ತಿಂಗಳು. ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು. ಅದಕ್ಕೇ ಹತ್ತು ತಿಂಗಳ ಅಡ್ವಾನ್ಸು. ವಾಸದ ಮನೆಗೆ ಎರಡು ತಿಂಗಳು ಸಾಕು ಎಂದು ಕೇಂದ್ರದ 2021ರ ಮಾದರಿ ಕಾಯ್ದೆ ಹೇಳುತ್ತದೆ ಎಂದು ಯಾರೋ ಅಂದಾಗ, "ಮಾದರಿ ಅಂದ್ರೆ ಶೋಕೇಸಲ್ಲಿ ಇಡೋಕೆ" ಎಂದು ಮುಗಿಸಿದರು.

ಮನೆ ಖಾಲಿ ಮಾಡುವ ದಿನ ಈ ಅಡ್ವಾನ್ಸಿನ ಶ್ರಾದ್ಧ ನಡೆಯುತ್ತದೆ. ಅಣ್ಣನ ಮಗ ಹೊರಟ ದಿನ ಓನರ್ರು ಟಾರ್ಚು ಹಿಡಿದು ಗೋಡೆ ಗೋಡೆ ತಡವಿ ಮೊಳೆ ಎಣಿಸಿದರು. ಏಳು. "ಕ್ಯಾಲೆಂಡರಿಗೆ ಒಂದು ಸರಿ. ಉಳಿದ ಆರು?" ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದರು, ಮೊಳೆಗೆ ಬೇರೆ, ಬಾತ್‌ರೂಮಿನ ನಲ್ಲಿಗೆ ಬೇರೆ. ಉಳಿದದ್ದು ಮುಂದಿನವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ. ಹುಡುಗ ಕೆಂಪಗಾಗಿ ಎರಡು ಮಾತು ಆಡಿದ, ಓನರ್ರು ನಾಲ್ಕು ಆಡಿದರು, ಓನರಮ್ಮ ನಡುವೆ ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟರು.

ಲಾರಿ ಹೊರಡುವ ಹೊತ್ತಿಗೆ ಓನರ್ರು ಗೇಟಿನವರೆಗೂ ಬಂದು ಹುಡುಗನ ಹೆಗಲ ಮೇಲೆ ಕೈ ಹಾಕಿದರು. "ನಿಮ್ಮ ಆಫೀಸಲ್ಲಿ ಒಳ್ಳೆ ಫ್ಯಾಮಿಲಿ ಯಾರಾದ್ರೂ ಇದ್ರೆ ಕಳ್ಸಪ್ಪಾ."

"ಬಾಡಿಗೆ ಎಷ್ಟು ಅಂತ ಹೇಳ್ಲಿ ಅಂಕಲ್?"

"ಅದೇನೂ ಹೇಳೋಕೆ ಹೋಗ್ಬೇಡ. ನೀನು ಎಷ್ಟು ಕೊಡ್ತಿದ್ದೆ ಅನ್ನೋದನ್ನಂತೂ ಹೇಳ್ಲೇಬೇಡ."