ಬಾಡ್ ಬೆಂಟ್‌ಹೈಮ್: ಯಾತ್ರಿಕ ಲಕ್ಷಣ ವಿಚಾರ

ಮೊದಲು ನಾಮಮೀಮಾಂಸೆ. ‘ಬಾಡ್’ ಎಂದೊಡನೆ ಮಂಡ್ಯದ ಕಡೆಯವರಿಗೆ ಊಟ ನೆನಪಾಗುತ್ತದೆ. ಕಾನ್ವೆಂಟಿನಲ್ಲಿ ಓದಿದವರು ಯಾವುದೋ ಕೆಟ್ಟ ಊರೆಂದು ಮೂಗು ಮುರಿಯುತ್ತಾರೆ. ಎರಡೂ ಪೂರ್ವಪಕ್ಷ. ಜರ್ಮನ್ನಿನಲ್ಲಿ ಬಾಡ್ ಎಂದರೆ ಸ್ನಾನ. ಊರಿನ ನೀರಿಗೆ ರೋಗ ವಾಸಿಮಾಡುವ ಗುಣವುಂಟೆಂದು ಸರ್ಕಾರ ಒಪ್ಪಿದರೆ ಮಾತ್ರ ಹೆಸರಿನ ಮುಂದೆ ಇದನ್ನು ಹಚ್ಚಿಕೊಳ್ಳಬಹುದು, ನಮ್ಮಲ್ಲಿ ‘ಡಾ.’ ಹಚ್ಚಿಕೊಂಡ ಹಾಗೆ. ಆಖನ್ ಎಂಬ ನಗರ ಅರ್ಹತೆಯಿದ್ದೂ ಈ ಬಿರುದನ್ನು ಬಳಸುವುದಿಲ್ಲ. ಬಳಸಿದರೆ ಅಕಾರಾದಿಯಲ್ಲಿ ಮೊದಲ ಸ್ಥಾನ ಕೈತಪ್ಪುತ್ತದಲ್ಲ ಎಂಬುದು ಜನ ಹೇಳುವ ಕಾರಣ. ಡಚ್ ಗಡಿಯ ಪಕ್ಕದ, ಸುಮಾರು 16,000 ಜನರ ಬೆಂಟ್‌ಹೈಮ್‌ಗೆ ಆ ಚಿಂತೆಯಿಲ್ಲ. ಅದು 1979ರಲ್ಲಿ ಬಾಡ್ ಬೆಂಟ್‌ಹೈಮ್ ಆಯಿತು.

ತನ್ನ ಬಳಿ ಬರುವವರನ್ನು ಕೃಷ್ಣ ಗೀತೆಯಲ್ಲಿ ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಬಗೆ ಮಾಡಿದ್ದಾನೆ. ಈ ಊರಿಗೆ ಬರುವವರಿಗೂ ಆ ವಿಂಗಡಣೆ ಸಾಕು. ಐದನೆಯದೊಂದನ್ನು ಮಾತ್ರ ಸೇರಿಸಬೇಕು, ಏಕೆಂದರೆ ದ್ವಾಪರದಲ್ಲಿ ರೈಲಿರಲಿಲ್ಲ.

ಆರ್ತನ ಲಕ್ಷಣ: ಕೀಲುನೋವು, ಚರ್ಮದ ಕಾಯಿಲೆ, ಕೈಯಲ್ಲಿ ಟವೆಲ್. ಊರಾಚೆಯ ಕಾಡಿನಲ್ಲಿ ಗಂಧಕದ ನೀರಿನ ಬುಗ್ಗೆಯಿದೆ. ಕೊಳೆತ ಮೊಟ್ಟೆಯ ವಾಸನೆ; ವಾಸನೆ ಜೋರಾದಷ್ಟೂ ನಂಬಿಕೆ ಜೋರು. ಸೋರಿಯಾಸಿಸ್ ಇದ್ದವರನ್ನು ಉಪ್ಪುನೀರಿನಲ್ಲಿ ನೆನೆಸಿ, ಮೈಗೆ ನೇರಳಾತೀತ ಬೆಳಕು ಬಿಡುತ್ತಾರೆ. ವೈದ್ಯರು ಬರೆದುಕೊಟ್ಟು ವಿಮೆಯವರು ಒಪ್ಪಿದರೆ ಸಾಮಾನ್ಯವಾಗಿ ಮೂರು ವಾರ. ಇಂಥ ಊರುಗಳಲ್ಲೆಲ್ಲ ಆರ್ತನಿಗೆ ಒಂದು ಉಪಭೇದವುಂಟು. ಜರ್ಮನರು ಅದನ್ನು ‘ಚಿಕಿತ್ಸೆಯ ನೆರಳು’ ಎನ್ನುತ್ತಾರೆ. ಪಾರ್ಕಿನ ಬೆಂಚಿನಲ್ಲಿ ಮೊದಲ ವಾರ ಪಕ್ಕಕ್ಕೆ ಬಂದು ಕೂತು, ಮೂರನೆಯ ವಾರದ ಕೊನೆಗೆ ತಂತಮ್ಮ ಸಂಸಾರಕ್ಕೆ ಮರಳುವ ಒಡನಾಡಿ ಅದು. ರೋಗವೋ ಔಷಧವೋ ಎಂಬ ಬಗ್ಗೆ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ.

ಸೈತಾನನೂ ಆರ್ತನೇ ಎಂಬುದು ನನ್ನ ಮತ. ಊರ ನೆತ್ತಿಯ ಮೇಲೆ ಮಧ್ಯಯುಗದ ಕೋಟೆ, ಅದರ ಬುಡದಲ್ಲಿ ಒಂದು ಬಂಡೆ. ದಣಿದ ಸೈತಾನ ಅದನ್ನೇ ತಲೆದಿಂಬು ಮಾಡಿ ಮಲಗಿದ್ದನಂತೆ, ಅವನ ಕಿವಿಯ ಅಚ್ಚು ಕಲ್ಲಿನಲ್ಲಿ ಇನ್ನೂ ಇದೆಯಂತೆ. ವಿಶ್ರಾಂತಿಗೆಂದು ಇಲ್ಲಿಗೆ ಬಂದ ಮೊದಲಿಗ ಅವನೇ ಇರಬೇಕು. ವಿಮೆ ಇರಲಿಲ್ಲ, ಪಾಪ.

ಅರ್ಥಾರ್ಥಿ ಬಂದದ್ದು ಕಲ್ಲಿಗೆ. ಕೋಟೆ ನಿಂತಿರುವುದೂ ಕೋಟೆಯನ್ನು ಕಟ್ಟಿರುವುದೂ ಒಂದೇ ಮರಳುಗಲ್ಲು. ತಿಳಿ ಹಳದಿ, ಉಳಿಗೆ ಹದವಾಗಿ ಸಿಗುವಂಥದ್ದು. ಒಳ್ಳೆ ಕಲ್ಲಿಗೆ ಬರವಿದ್ದ ಡಚ್ಚರು ಇದನ್ನು ಫೆಖ್ಟ್ ನದಿಯಲ್ಲಿ ದೋಣಿಗೆ ಹೇರಿಕೊಂಡು ಹೋದರು. 1648ರಲ್ಲಿ ಶುರುವಾದ ಆಮ್‌ಸ್ಟರ್‌ಡಾಮಿನ ಪುರಭವನ, ಈಗಿನ ಅರಮನೆ, ಅದರ ಹೊರಮೈ ಬಹುಪಾಲು ಈ ಕಲ್ಲಿನದೇ. ಆದರೆ ಇದನ್ನು ಕೆತ್ತುವಾಗ ಏಳುವ ಧೂಳು ಕಲ್ಲುಕುಟಿಗನ ಎದೆಗೂಡನ್ನು ತಿನ್ನುತ್ತದೆ. 1951ರಲ್ಲಿ ನೆದರ್‌ಲ್ಯಾಂಡ್ಸ್ ಮರಳುಗಲ್ಲಿನ ಕೆಲಸಕ್ಕೇ ಕಾನೂನಿನ ಕಡಿವಾಣ ಹಾಕಿತು. ನೀರು ಕೊಟ್ಟ ಆರೋಗ್ಯದ ಲೆಕ್ಕ ಬರೆದಿಡುವ ಊರು ಕಲ್ಲು ಕಸಿದ ಉಸಿರನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ಜ್ಞಾನಿ ಒಬ್ಬನೇ: ಯಾಕೋಬ್ ಫಾನ್ ರೌಸ್ಡಾಲ್. ಹಾರ್ಲೆಮ್‌ನ ಈ ಚಿತ್ರಕಾರ ಸುಮಾರು 1650ರಲ್ಲಿ, ಇಪ್ಪತ್ತು ದಾಟಿದ ಹುಡುಗನಾಗಿದ್ದಾಗ ಇಲ್ಲಿಗೆ ಬಂದ. ಆಮೇಲೆ ಒಂದು ಡಜನ್‌ಗೂ ಹೆಚ್ಚು ಸಲ ಇದೇ ಕೋಟೆಯನ್ನು ಬಿಡಿಸಿದ. 1653ರದ್ದು ಡಬ್ಲಿನ್ನಿನಲ್ಲಿದೆ. ಅದರಲ್ಲಿ ಕೋಟೆ ಕಾಡು ತುಂಬಿದ ಬೆಟ್ಟದ ತುದಿಯಲ್ಲಿ, ಮೋಡದ ಸಮಕ್ಕೆ. ನಿಜವಾದ ಗುಡ್ಡ ಗಿಡ್ಡ, ಸುತ್ತಲಿನ ಬಯಲು ಚಪ್ಪಟೆ. ವ್ಯಾಖ್ಯಾನಕಾರರು ಇದಕ್ಕೆ ಕಲೆಯ ಸ್ವಾತಂತ್ರ್ಯ ಎನ್ನುತ್ತಾರೆ. ನನ್ನ ಸಿದ್ಧಾಂತ ಬೇರೆ: ಅವನ ದೇಶದವರು ಈ ಸೀಮೆಯ ಗುಡ್ಡವನ್ನು ದೋಣಿ ದೋಣಿಯಾಗಿ ಹೊತ್ತೊಯ್ಯುತ್ತಿದ್ದ ಕಾಲ ಅದು. ಒಯ್ದಷ್ಟನ್ನೂ ಅವನು ಬಣ್ಣದಲ್ಲಿ ವಾಪಸು ಪೇರಿಸಿದ, ಬಡ್ಡಿ ಸಮೇತ.

ಜಿಜ್ಞಾಸುಗಳು ಊರಿಗೆ ಬರುವುದೇ ಇಲ್ಲ, ಕಲ್ಲನ್ನೇ ತರಿಸಿಕೊಳ್ಳುತ್ತಾರೆ. ಇದೇ ಮರಳುಗಲ್ಲಿನ ಪದರ ಗಡಿಯಾಚೆ ಸ್ಖೋನೆಬೇಕ್‌ನಲ್ಲಿ ನೆಲದಡಿ ಎಣ್ಣೆ ತುಂಬಿಕೊಂಡು ಕೂತಿದೆ. ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರವಾದ್ದರಿಂದ, ಕಲ್ಲೊಳಗೆ ಎಣ್ಣೆ ನೀರು ಹರಿಯುವ ಬಗೆ ನೋಡಲು ಜಗತ್ತಿನ ಪ್ರಯೋಗಾಲಯಗಳು ಬೆಂಟ್‌ಹೈಮ್ ಕಲ್ಲಿನ ಸಣ್ಣ ಉರುಳೆಗಳನ್ನೇ ಇಟ್ಟುಕೊಳ್ಳುತ್ತವೆ.

ಐದನೆಯವನು ನಿರರ್ಥಿ, ಏನೂ ಬೇಡದೆ ಬಂದವನು. ಜರ್ಮನ್ ಹಳಿಯ ಮೇಲಿನ ತಂತಿಯಲ್ಲಿ 15,000 ವೋಲ್ಟ್, ಡಚ್ ತಂತಿಯಲ್ಲಿ 1,500. ಬರ್ಲಿನ್–ಆಮ್‌ಸ್ಟರ್‌ಡಾಮ್ ರೈಲಿನ ಎಂಜಿನ್ ಬದಲಾಗುತ್ತಿದ್ದದ್ದು ಇಲ್ಲಿ. ಅಷ್ಟು ಹೊತ್ತು ಪ್ರಯಾಣಿಕ ಪ್ಲಾಟ್‌ಫಾರ್ಮಿಗಿಳಿದು ಸಿಗರೇಟು ಹಚ್ಚಿ, ಬೋರ್ಡಿನ ಮೇಲಿನ ‘ಬಾಡ್’ ಓದಿ, ಮತ್ತೆ ಹತ್ತಿಕೊಳ್ಳುತ್ತಿದ್ದ. ಎರಡೂ ಕರೆಂಟಿಗೆ ಓಡುವ ಎಂಜಿನ್ ಬಂದ ಮೇಲೆ ಈ ವರ್ಗ ಅಳಿವಿನಂಚಿಗೆ ಸರಿದಿದೆ.

ಕಡೆಯದಾಗಿ ಒಂದು ತಿದ್ದುಪಡಿ. ಮಂಡ್ಯದವರ ಪೂರ್ವಪಕ್ಷವನ್ನು ನಾನು ಆತುರದಲ್ಲಿ ತಳ್ಳಿಹಾಕಿದೆ. ಮೈಮೇಲೆ ಕಪ್ಪು ಮಚ್ಚೆಗಳಿರುವ ಹಂದಿ ತಳಿಯೊಂದು ಬೆಂಟ್‌ಹೈಮ್ ಹೆಸರಿನಲ್ಲೇ ಇದೆ. ಜನ ಕೊಬ್ಬಿಲ್ಲದ ಮಾಂಸ ಕೇಳತೊಡಗಿದ ಮೇಲೆ ಅದು ಇನ್ನೇನು ಅಳಿಯುವುದರಲ್ಲಿತ್ತು. ಈಗ ರುಚಿಗಾಗಿಯೇ ಮತ್ತೆ ಸಾಕುತ್ತಿದ್ದಾರೆ.