ಲೀಟರಿಗೆ ಏಳು

ಬಂಕಿನಲ್ಲಿ ನಿಂತು ಸರ್ಕಾರಕ್ಕೆ ಬೈಯಲೂ ಒಂದು ಯೋಗ್ಯತೆ ಬೇಕು. ನಮ್ಮ ಭಾವನಿಗೆ ಅದಿಲ್ಲ. ಆದರೂ ಬೈಯುತ್ತಾರೆ. ಮುಂದೆ ನಾಲ್ಕು ಗಾಡಿಗಳ ಸರದಿ ಇದ್ದರೂ ಎಂಜಿನ್ ಆರಿಸದೆ ಬೈಯುತ್ತಾರೆ. ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಬ್ಯಾಟರಿ ವೀಕು. ಹೊಸ ಬ್ಯಾಟರಿಗೆ ದುಡ್ಡಿಲ್ಲ. ನೆತ್ತಿಯ ಮೇಲೆ ಉದ್ದಕ್ಕೂ ಎಲ್‌ಇಡಿ ಲೈಟು ಹಾಕಿಸಲು ಮಾತ್ರ ಇತ್ತು.

ಗಾಡಿ 1994ರ ಮಹೀಂದ್ರ ಎಂಎಂ 540. ಕೆಎ 18 ನಂಬರು. ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಮೂಡಿಗೆರೆ ಕಡೆಯ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳು, ಒಮ್ಮೊಮ್ಮೆ ಹೆರಿಗೆಗೆ ಹೊರಟ ಹೆಂಗಸರನ್ನೂ ಹೊತ್ತು ಕೆಸರಿನಲ್ಲಿ ದುಡಿದ ಜೀವ. ಆಗ ಲೀಟರಿಗೆ ಹತ್ತೂವರೆ ಕೊಡುತ್ತಿತ್ತಂತೆ. ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು. ಈಗ ಹೊರುವುದು ಭಾವನನ್ನು ಮಾತ್ರ. ಕೊಡುವುದು ಏಳು.

ತೋಟದಲ್ಲಿದ್ದಾಗ ಅದು ಗಾಡಿ. ರಾಜಾಜಿನಗರಕ್ಕೆ ಬಂದ ಮೇಲೆ ಅದು ಪ್ಯಾಷನ್.

ಪ್ಯಾಷನ್ನಿಗೆ ಒಡವೆ ಬೇಕಲ್ಲ. ಮೇಲೊಂದು ಕಬ್ಬಿಣದ ಕ್ಯಾರಿಯರ್. ಅದರಲ್ಲಿ ಎರಡು ಖಾಲಿ ಕ್ಯಾನು ಮತ್ತು ಮಣ್ಣು ಕಂಡಿರದ ಗುದ್ದಲಿ. ಮುಂದೆ ಎಮ್ಮೆಯನ್ನೂ ಎತ್ತಿ ಒಗೆಯುವಂಥ ಬಂಪರು. ಕ್ರ್ಯಾಶ್ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರಿನಲ್ಲಿ. ಆ ಪತ್ರ ರಾಜಾಜಿನಗರವನ್ನು ಇನ್ನೂ ಮುಟ್ಟಿಲ್ಲ. ಬಂಪರಿನಲ್ಲೊಂದು ವಿಂಚ್ ಇದೆ. ಅದು ಈವರೆಗೆ ಎಳೆದದ್ದು ಒಂದೇ ಸಲ, ಪಕ್ಕದ ಮನೆಯ ಗೇಟನ್ನು. ಹಿಂದೆ ‘ಪಶ್ಚಿಮ ಘಟ್ಟ ಉಳಿಸಿ’ ಎಂಬ ಸ್ಟಿಕ್ಕರ್. ಸೈಲೆನ್ಸರಿನ ಹೊಗೆಗೆ ‘ಉಳಿಸಿ’ ಪೂರ್ತಿ ಕಪ್ಪಾಗಿದೆ.

ಹೊಗೆ ತಪಾಸಣೆಯ ಚೀಟಿ ಕೇಳಿದರೆ, ಇದೆ. ಊರ್ಜಿತದಲ್ಲೇ ಇದೆ. ಕೊಟ್ಟವನು ನಂಬರ್ ಪ್ಲೇಟಿನ ಫೋಟೋ ತೆಗೆದ, ದುಡ್ಡು ತೆಗೆದುಕೊಂಡ. ಹೊಗೆ ನೋಡುವಷ್ಟು ಪುರಸೊತ್ತು ಅವನಿಗೂ ಇರಲಿಲ್ಲ.

ಈ ಏಳು ಎಂಬ ಲೆಕ್ಕ ಬಂದದ್ದಾದರೂ ಹೇಗೆ? ಐನೂರು ರೂಪಾಯಿಗೆ ಹಾಕಿಸುವುದು, ಮುಳ್ಳು ನೋಡುವುದು, ನಿಟ್ಟುಸಿರು ಬಿಡುವುದು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಭಾಗಿಸಿದರೆ ತಾನೇ ಮೈಲೇಜ್? ಮೀಟರಿನದ್ದು ಬೇರೆ ಕಥೆ. ಕಂಪನಿ ಕೊಟ್ಟ ಸಣಕಲು ಟೈರು ಬಿಚ್ಚಿ 31 ಇಂಚಿನ ಮಣ್ಣಿನ ಟೈರು ಹಾಕಿಸಿದ್ದಾರೆ. ಮೀಟರು ಎಣಿಸುವುದು ಚಕ್ರದ ಸುತ್ತನ್ನು. ಚಕ್ರ ದೊಡ್ಡದಾದರೆ ಸುತ್ತು ಕಡಿಮೆ. ನೂರೆಂಟು ಕಿಲೋಮೀಟರ್ ಓಡಿದರೂ ನೂರು ಅನ್ನುತ್ತದೆ. ಭಾವ ಅಳುತ್ತಿದ್ದುದರಲ್ಲಿ ಅರ್ಧ ಕಿಲೋಮೀಟರು ಮೀಟರಿನ ಸುಳ್ಳು. ಉಳಿದದ್ದು ಅವರದೇ ಸಂಪಾದನೆ. ಕೆಸರಿಗೆ ಹಿಡಿತ ಸಿಗಲಿ ಎಂದು ಎಂದೋ ಟೈರಿನ ಗಾಳಿ ಇಳಿಸಿದ್ದರಂತೆ. ಮತ್ತೆ ತುಂಬಿಸಿಲ್ಲ. ಅದೇ ಮೆತ್ತನೆಯ ಟೈರಿನಲ್ಲಿ ರಿಂಗ್ ರೋಡಿನ ಡಾಂಬರು ಉಜ್ಜುತ್ತಿದ್ದಾರೆ.

ಒಂದು ಭಾನುವಾರ ತಡೆಯಲಾರದೆ ಅವರ ಗೇಟಿನೆದುರು ಕುಕ್ಕರುಗಾಲಲ್ಲಿ ಕೂತೆ. ಮುಂದಿನ ಚಕ್ರದ ನಡುವೆ, ಹಳೆಯ ಮಾಲೀಕರು ಹಾಕಿಸಿದ್ದ ಫ್ರೀ ವೀಲ್ ಹಬ್. ಅದರ ಮೇಲೆ ತಿರುಗಿಸುವ ಗುಂಡಿ. ‘ಫ್ರೀ’ಯಲ್ಲಿಟ್ಟರೆ ಮುಂದಿನ ಚಕ್ರಗಳು ಸುಮ್ಮನೆ ಉರುಳುತ್ತವೆ. ‘ಲಾಕ್’ನಲ್ಲಿಟ್ಟರೆ ಒಳಗೆ ಗೇರು ಲಿವರು ಟೂ ವೀಲಿನಲ್ಲಿದ್ದರೂ ಆಕ್ಸಲ್, ಕ್ರೌನು, ಶಾಫ್ಟು ಎಲ್ಲವನ್ನೂ ಆ ಚಕ್ರಗಳು ಎಳೆದುಕೊಂಡೇ ತಿರುಗಬೇಕು. ದಂಡಕ್ಕೆ.

ಗುಂಡಿ ಲಾಕಿನಲ್ಲೇ ತುಕ್ಕು ಹಿಡಿದಿತ್ತು.

“ಭಾವ, ಇದು ಯಾವಾಗಿಂದ ಹೀಗಿದೆ?”

“ತಗೊಂಡಾಗಿಂದ ಇರ್ಬೇಕು. ಫೋರ್ ವೀಲ್ ಅಲ್ವೇನಯ್ಯಾ, ಲಾಕಲ್ಲೇ ಇರ್ಬೇಕು.”

ನಾಲ್ಕು ಹನಿ ಡೀಸೆಲ್ ಬಿಟ್ಟು, ಇಕ್ಕಳ ಹಾಕಿ ತಿರುಗಿಸಿದೆ. ಮೂರು ವರ್ಷದಲ್ಲಿ ಆ ಗಾಡಿಯಲ್ಲಿ ಸಾರ್ಥಕವಾದ ಡೀಸೆಲ್ ಬಹುಶಃ ಆ ನಾಲ್ಕು ಹನಿಯೇ. ಹಿಂದಿನ ಎಡ ಚಕ್ರದ ಡ್ರಮ್ ಮುಟ್ಟಿ ಕೈ ಸುಟ್ಟುಕೊಂಡೆ. ಬ್ರೇಕು ಸದಾ ಹಿಡಿದುಕೊಂಡೇ ಇತ್ತು. ಅವರು ಆಗಷ್ಟೇ ಮಲ್ಲೇಶ್ವರಕ್ಕೆ ಹೋಗಿ ಮಸಾಲೆ ದೋಸೆ ತಿಂದು ಬಂದಿದ್ದರು. ಅಷ್ಟು ದೂರ ಹೋಗಬೇಕಿರಲಿಲ್ಲ, ಡ್ರಮ್ಮಿನ ಮೇಲೇ ಹುಯ್ಯಬಹುದಿತ್ತು.

ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಗಾಡಿ ಹೀಟ್ ಆಗುತ್ತದೆಂದು ಗ್ಯಾರೇಜಿನವನು ಕಿತ್ತು ಬಿಸಾಡಿದ್ದಾನೆ. ಕಟ್ಟಿಕೊಂಡಿದ್ದದ್ದು ರೇಡಿಯೇಟರ್. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು. ಈಗ ಎಂಜಿನ್ ಸರಿಯಾಗಿ ಬಿಸಿಯೇ ಏರುವುದಿಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಅರ್ಧ ಉರಿಯುತ್ತದೆ, ಇನ್ನರ್ಧ ಪಶ್ಚಿಮ ಘಟ್ಟದ ಸ್ಟಿಕ್ಕರಿಗೆ.

ಭಾವನದೂ ಒಂದು ಉಳಿತಾಯ ಯೋಜನೆ ಇದೆ. ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್! ಹೆಮ್ಮೆಯಿಂದ ಹೇಳುತ್ತಾರೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಂಪಿನ ಗವರ್ನರ್ ಡೀಸೆಲ್ಲನ್ನೇ ಮುಚ್ಚುತ್ತದೆ, ಇಳಿಜಾರೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಐಡಲಿಂಗಿಗೆ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಡೀಸೆಲ್ಲೂ ಹೋಯಿತು, ಬ್ರೇಕೂ ಹೋಯಿತು. ಇನ್ನು ಹೋಗಲು ಬಾಕಿ ಅವರು, ಪಕ್ಕದಲ್ಲಿ ಕಣ್ಣುಮುಚ್ಚಿ ಕೂತ ನಮ್ಮಕ್ಕ.

ಸರ್ಕಾರವೇನೂ ಭಾವನಿಗಿಂತ ಮೇಲಲ್ಲ. 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. 2025ರ ಏಪ್ರಿಲಿನಲ್ಲಿ ಮತ್ತೆ ಏರಿಸಿ ಶೇ 21.17 ಮಾಡಿತು. ಅತ್ತ ಕೇಂದ್ರದ ಇಂಧನ ಉಳಿತಾಯ ಸಂಸ್ಥೆ ಪಿಸಿಆರ್‌ಎಯವರು 45ರಿಂದ 55ರ ವೇಗದಲ್ಲಿ ಹೋಗಿ, ಇಂಧನ ಉಳಿಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಆ ವೇಗ ಬೇಕಿದ್ದರೆ ರಾತ್ರಿ ಎರಡಕ್ಕೆ ಏಳಬೇಕು, ಅದೂ ಗುಂಡಿ ಕಾಣುವಷ್ಟು ಬೀದಿದೀಪ ಇದ್ದರೆ. ಇಂಧನ ಉಳಿತಾಯದ ಭಾಷಣಕ್ಕೆ ಬರುವ ಮಂತ್ರಿಗಳ ಹಿಂದೆ ಎಂಟು ಗಾಡಿ. ಭಾಷಣ ಮುಗಿಯುವವರೆಗೆ ಎಂಟೂ ಎಸಿ ಹಾಕಿಕೊಂಡು ಗುರುಗುಟ್ಟುತ್ತಿರುತ್ತವೆ.

ಇಷ್ಟರ ನಡುವೆ ಭಾವ ಅಯಸ್ಕಾಂತ ತರಿಸಿದರು. ಡೀಸೆಲ್ ಪೈಪಿಗೆ ಕಟ್ಟುವುದಂತೆ. ಕಣಗಳು ಸಾಲಾಗಿ ನಿಲ್ಲುತ್ತವಂತೆ. ರೇಷನ್ ಅಂಗಡಿಯಲ್ಲೇ ಸಾಲಾಗಿ ನಿಲ್ಲದ ದೇಶ ನಮ್ಮದು. ಡೀಸೆಲ್ಲೇನು ಕಬ್ಬಿಣದ ಕಷಾಯವೇ? ಬೆಲೆ 2,800 ರೂಪಾಯಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಷ್ಟು ಮೈಲೇಜ್ ಏರಿಸುವಂಥದ್ದು ಒಂದೂ ಸಿಕ್ಕಿಲ್ಲ. ಭಾವನಿಗೆ ಹೇಳಿದೆ. “ಅಮೆರಿಕದವರಿಗೆ ಡೀಸೆಲ್ ಮಾರಬೇಕಲ್ಲ” ಅಂದರು. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದಾಗ ದೊಡ್ಡ ದೊಡ್ಡವರೇ ಬಾಯಿಬಿಟ್ಟು ನಿಂತಿದ್ದರು. ನಮ್ಮ ಭಾವ ಯಾವ ಲೆಕ್ಕ?

ಕೊನೆಗೆ ಅಕ್ಕ ಗಾಡಿಯ ಕೀ ಕಿತ್ತುಕೊಂಡು ನನ್ನ ಕೈಗಿಟ್ಟಳು. ಡೀಸೆಲ್ ಪಂಪಿನ ಕೆಲಸವನ್ನೇ ನಲವತ್ತು ವರ್ಷ ಮಾಡಿದ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಬಿಟ್ಟೆ. ನಾಝಲ್ ಬಿಚ್ಚಿ ಪ್ರೆಶರ್ ಸರಿಮಾಡಿದರು. ರೇಡಿಯೇಟರ್ ತೊಳೆಸಿ ಥರ್ಮೋಸ್ಟಾಟ್ ಹಾಕಿದರು. ಬ್ರೇಕು ಬಿಡಿಸಿದರು. ಏರ್ ಫಿಲ್ಟರಿನ ತಳದಲ್ಲಿದ್ದ ಎಣ್ಣೆ ರಾಗಿ ಮುದ್ದೆಯಾಗಿತ್ತು, ಕೆರೆದು ತೆಗೆದು ಹೊಸದು ಹುಯ್ದರು. ಟೈರಿಗೆ ಗಾಳಿ ತುಂಬಿಸಿದರು. ಬಿಲ್ಲು ನೆತ್ತಿಯ ಮೇಲಿನ ಲೈಟಿಗಿಂತ ಕಡಿಮೆ. ಕ್ಯಾರಿಯರನ್ನು ಅಕ್ಕನೇ ಇಳಿಸಿದಳು. ಅದೀಗ ಟೆರೇಸಿನಲ್ಲಿ ಹಪ್ಪಳ ಒಣಗಿಸುತ್ತದೆ.

ಮೂರು ವಾರ ಬಿಟ್ಟು ಅಕ್ಕ ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದು, ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಳು. ಹತ್ತು ಪಾಯಿಂಟ್ ಎರಡು.

ಅವತ್ತೇ ರಾತ್ರಿ ಭಾವನ ಫೋನು.

“ನೋಡಿದ್ಯೇನಯ್ಯಾ? ಮ್ಯಾಗ್ನೆಟ್ ಸೆಟ್ ಆಗೋಕೆ ಮೂರು ವಾರ ಬೇಕು ಅಂತ ಅವನು ಮೊದಲೇ ಹೇಳಿದ್ದ.”

ಮೊನ್ನೆ ಕೊರಿಯರಿನವನು ಒಂದು ಪುಟ್ಟ ಡಬ್ಬಿ ಕೊಟ್ಟು ಹೋದ. ನನ್ನ ಸ್ಕೂಟರಿಗೂ ಒಂದು ಕಳಿಸಿದ್ದಾರೆ.