ಬುಲೆಟಿನ್ ಭಾವ

ಶತಕ ಹೊಡೆದವರ ಬಗ್ಗೆ ಮಾತಾಡಲು ಊರಿಗೆ ಊರೇ ಇದೆ. ತೊಡೆ ಹಿಡಿದುಕೊಂಡು ಪೆವಿಲಿಯನ್‌ಗೆ ನಡೆದವರ ಬಗ್ಗೆ ಮಾತಾಡಲು ನಮ್ಮ ಭಾವ ಇದ್ದಾರೆ. ಅವರನ್ನು ಕ್ರಿಕೆಟ್ ಅಭಿಮಾನಿ ಎನ್ನುವುದಕ್ಕಿಂತ ಗಾಯಾಭಿಮಾನಿ ಎನ್ನುವುದೇ ಸರಿ. ಬಿಸಿಸಿಐ ಖಾತೆ, ಆಟಗಾರರ ಇನ್‌ಸ್ಟಾಗ್ರಾಂ, ಐಪಿಎಲ್ ತಂಡಗಳ ಪುಟ, ಎಲ್ಲದರ ನೋಟಿಫಿಕೇಶನ್ನೂ ಅವರ ಫೋನಿನಲ್ಲಿ ಚಾಲೂ ಇರುತ್ತದೆ. ಪಂದ್ಯ ನಡೆಯುವಾಗ ತೂಕಡಿಸುತ್ತಾರೆ. ಫಿಸಿಯೋ ಮೈದಾನಕ್ಕೆ ಓಡಿದರೆ ಎದ್ದು ಕೂರುತ್ತಾರೆ.

ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಆದರೂ 2025ರ ಅಕ್ಟೋಬರ್‌ನಲ್ಲಿ ಸಿಡ್ನಿಯಲ್ಲಿ ಕ್ಯಾಚ್ ಹಿಡಿಯಲು ಹೋಗಿ ಬಿದ್ದ ಶ್ರೇಯಸ್ ಅಯ್ಯರ್‌ಗೆ ಗುಲ್ಮದಲ್ಲಿ ಗಾಯವಾಗಿದೆ ಎಂದು ಮಂಡಳಿ ತಿಳಿಸಿದ ದಿನ, ಗುಲ್ಮ ಎಲ್ಲಿದೆ ಎಂದು ಮನೆಮಂದಿಗೆಲ್ಲ ತೋರಿಸಿಕೊಟ್ಟವರು ಅವರೇ. ತೋರಿಸಿದ್ದು ನನ್ನ ಎಡಪಕ್ಕೆಗೆ ಬೆರಳಿನಿಂದ ತಿವಿದು.

ಬೆಂಗಳೂರಿನಲ್ಲಿ ಹುಟ್ಟಿದ್ದೂ ಅವರ ತಲೆಗೇರಿದೆ. ಹಿಂದೆ ಚಿನ್ನಸ್ವಾಮಿ ಕ್ರೀಡಾಂಗಣದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ (ಎನ್‌ಸಿಎ), 2024ರಿಂದ ವಿಮಾನ ನಿಲ್ದಾಣದ ಕಡೆಯ ಸೆಂಟರ್ ಆಫ್ ಎಕ್ಸಲೆನ್ಸ್. ದೇಶದ ವೇಗಿಗಳ ಬೆನ್ನು, ಮಂಡಿಗಳೆಲ್ಲ ರಿಪೇರಿಗೆ ಬರುವುದು ಇಲ್ಲಿಗೇ ತಾನೆ? "ನಮ್ಮೂರಲ್ಲೇ ಇದ್ದಾನಪ್ಪ ಬುಮ್ರಾ" ಎಂದು ಅವರು ಹೇಳುವಾಗ, ಬುಮ್ರಾ ಒಳಗಿನ ರೂಮಿನಲ್ಲಿ ಮಲಗಿದ್ದಾನೇನೋ ಎಂದು ದನಿ ತಗ್ಗಿಸಬೇಕೆನಿಸುತ್ತದೆ.

ಇಷ್ಟನ್ನು ಸಹಿಸಬಹುದು. ನಾನು ಮರೆಯಲಾಗದ್ದು 2024ರ ಫೆಬ್ರುವರಿ 12ರ ಸಂಜೆ. ಅಂದು ನನ್ನ ಮಗಳ ನಿಶ್ಚಿತಾರ್ಥ. ಇಂಗ್ಲೆಂಡ್ ವಿರುದ್ಧ ರಾಜ್‌ಕೋಟ್ ಟೆಸ್ಟ್‌ಗೆ ಇನ್ನು ಮೂರು ದಿನ. ಕೆ.ಎಲ್. ರಾಹುಲ್ ಆಡುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಭಾವ ಬೆಳಗಿನಿಂದ ಕಾಫಿಯನ್ನೂ ಸರಿಯಾಗಿ ಕುಡಿದಿರಲಿಲ್ಲ. ಇತ್ತ, ನಮ್ಮ ಭಾವೀ ಅಳಿಯನ ಹೆಸರೂ ಅದೇ. ಪುರೋಹಿತರು ಲಗ್ನಪತ್ರಿಕೆ ಓದುತ್ತಿದ್ದರು, ಹುಡುಗನ ತಂದೆ ತಾಂಬೂಲದ ತಟ್ಟೆಗೆ ಕೈಯೊಡ್ಡಿದ್ದರು. ಭಾವನ ಜೇಬಿನಲ್ಲಿ 'ಟಿಂಗ್' ಎಂದಿತು. ಓದಿದವರೇ ಎದ್ದು ನಿಂತು ಕೂಗಿದರು: "ಅಯ್ಯೋ, ರಾಹುಲ್ ಇಲ್ಲ! ಬದಲಿಗೆ ದೇವದತ್ತ!"

ಛತ್ರದಲ್ಲಿ ಸೂಜಿ ಬಿದ್ದರೂ ಕೇಳಬೇಕು. ಬೀಗರ ಕೈ ತಟ್ಟೆಯಿಂದ ಹಿಂದೆ ಸರಿಯಿತು. ಪುರೋಹಿತರು ಮಾತ್ರ ವಿಚಲಿತರಾಗದೆ, "ದೇವದತ್ತನ ಗೋತ್ರ ಹೇಳಿ" ಎಂದರು.

ಭಾವ ತಪ್ಪು ಅರಿತು ಸಮಾಧಾನಕ್ಕಿಳಿದರು. ಅದು ಇನ್ನೂ ಕೆಟ್ಟಿತು. "ಗಾಬರಿ ಬೇಡಿ, ಶೇಕಡ 90 ಫಿಟ್ ಆಗಿದ್ದಾನೆ ಅಂತ ಬೋರ್ಡಿನವರೇ ಹೇಳಿದ್ದಾರೆ." ಹುಡುಗನ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಉಳಿದ ಹತ್ತಕ್ಕೆ ಏನಾಗಿದೆಯಪ್ಪಾ?" ಎಂದು ಕೇಳಿದರು. "ಬಲ ತೊಡೆ, ಅಜ್ಜಿ" ಎಂದರು ಭಾವ.

ನಾನು ಕೈಮುಗಿದು, ಬೆವರು ಒರೆಸಿಕೊಂಡು, ಇದು ದೇವದತ್ತ ಪಡಿಕ್ಕಲ್ ವಿಷಯ, ಟೆಸ್ಟ್ ವಿಷಯ ಎಂದು ಎರಡೂ ಕಡೆಯವರಿಗೆ ಬಿಡಿಸಿ ಹೇಳಿದೆ. ಆಮೇಲೆ ಭಾವನನ್ನು ಕಂಬದ ಹಿಂದಕ್ಕೆ ಎಳೆದೊಯ್ದು ಬೈಯಲು ಬಾಯಿ ತೆರೆದರೆ, ಹೊರಬಂದ ಮಾತು, "ಜಡೇಜ ಆಡ್ತಾನಂತಾ?"

ರಾಹುಲ್‌ನ ಆ ಶೇಕಡ ಹತ್ತು ಸರಣಿ ಮುಗಿದರೂ ತುಂಬಲಿಲ್ಲ. ರಾಂಚಿಯಲ್ಲಿ ಆಡಲಿಲ್ಲ, ಧರ್ಮಶಾಲಾದಲ್ಲೂ ಆಡಲಿಲ್ಲ. ಲಂಡನ್ನಿನ ತಜ್ಞರ ಜೊತೆ ಸಂಪರ್ಕದಲ್ಲಿದ್ದೇವೆ ಎಂದಿತು ಮಂಡಳಿ. ಅದಕ್ಕೂ ಹಿಂದೆ, 2023ರ ವಿಶ್ವಕಪ್‌ನಲ್ಲಿ, ಅಕ್ಟೋಬರ್ 19ರಂದು ಪುಣೆಯಲ್ಲಿ ಹಾರ್ದಿಕ್ ಪಾಂಡ್ಯನ ಪಾದದ ಗಂಟು ತಿರುಚಿದಾಗಲೂ ಹೀಗೇ ಆಗಿತ್ತು. ಲಖನೌದಲ್ಲಿ ತಂಡ ಸೇರುತ್ತಾನೆ ಎಂಬ ಪ್ರಕಟಣೆ ಬಂತು. ಲಖನೌ ಬಂತು, ಹೋಯಿತು. ನವೆಂಬರ್ 4ರಂದು ಅವನು ಟೂರ್ನಿಯಿಂದಲೇ ಹೊರಗೆ. ಬದಲಿಗೆ ಬಂದವನು ನಮ್ಮ ಪ್ರಸಿದ್ಧ್ ಕೃಷ್ಣ ಆದ್ದರಿಂದ ಭಾವನ ದುಃಖ ಅರ್ಧಕ್ಕಿಳಿಯಿತು.

ಮಂಡಳಿ ಯಾವುದನ್ನೂ ಪೂರ್ತಿ ಹೇಳುವುದಿಲ್ಲ ಎಂಬುದು ಭಾವನ ದೂರು. ಮಂಡಳಿಯ ಪರ ನಾನೂ ವಾದಿಸಿ ನೋಡಿದ್ದೇನೆ. ಎಲ್ಲವನ್ನೂ ಹೇಳಿಬಿಟ್ಟರೆ ಎದುರಾಳಿಗೆ ಅನುಕೂಲ, ಗಾಯ ಹುಡುಗನ ಸ್ವಂತ ವಿಷಯ, ಮೊದಲ ಸ್ಕ್ಯಾನ್ ಹೇಳಿದ್ದನ್ನು ಎರಡನೆಯದು ಸುಳ್ಳು ಮಾಡಬಹುದು. ಭಾವ ನಕ್ಕರು. "ಬ್ಯಾಂಕಿನಲ್ಲಿ ನಾವೂ ಗಿರಾಕಿಗಳಿಗೆ 'ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಅಂತ ಬರೀತಿದ್ವಿ ಕಣಪ್ಪ. ಫೈಲು ಕಳೆದುಹೋಗಿರ್ತಿತ್ತು."

ಹಾಗೆಂದು ಎಲ್ಲ ಪ್ರಕಟಣೆಯನ್ನೂ ಅವರು ಗೇಲಿ ಮಾಡುವುದಿಲ್ಲ. 2022ರ ಡಿಸೆಂಬರ್ 30ರಂದು ರಿಷಭ್ ಪಂತ್‌ನ ಕಾರು ಅಪಘಾತವಾದಾಗ ಮಂಡಳಿ ಏನನ್ನೂ ಬಚ್ಚಿಡಲಿಲ್ಲ. ಹಣೆಯ ಮೇಲೆ ಎರಡು ಕಡೆ ಗಾಯ, ಬಲ ಮಂಡಿಯ ಲಿಗಮೆಂಟ್ ಹರಿದಿದೆ, ಬಲ ಮಣಿಕಟ್ಟು, ಪಾದದ ಗಂಟು, ಕಾಲ್ಬೆರಳಿಗೂ ಪೆಟ್ಟು, ಬೆನ್ನು ತರಚಿದೆ. "ಬರೆದರೆ ಹೀಗೆ ಬರೀಬೇಕು" ಎಂದರು ಭಾವ. ಓದಿ ಮುಗಿಸಿ ಊಟ ಬೇಡವೆಂದರು. ಸಂಜೆ ಆಂಜನೇಯನ ಗುಡಿಗೆ ಹೋಗಿ ಪಂತ್ ಹೆಸರಿನಲ್ಲಿ ಅರ್ಚನೆಗೆ ಚೀಟಿ ಕೊಟ್ಟರು. ಅರ್ಚಕರು ನಕ್ಷತ್ರ ಕೇಳಿದರು. "ನಕ್ಷತ್ರ ಗೊತ್ತಿಲ್ಲ ಸ್ವಾಮಿ, ಬಲ ಮಂಡಿ ಅಂತ ಸಂಕಲ್ಪ ಮಾಡಿ" ಎಂದರಂತೆ. ಒಮ್ಮೆಯೂ ಕಣ್ಣೆದುರು ಕಾಣದ ಹುಡುಗನ ಮಂಡಿಗಾಗಿ ಯಾರು ಗುಡಿ ಮೆಟ್ಟಿಲು ಹತ್ತುತ್ತಾರೆ? ಪಂತ್ 2024ರ ಐಪಿಎಲ್‌ನಲ್ಲಿ ಮತ್ತೆ ಗ್ಲೌಸ್ ತೊಟ್ಟ ದಿನ, ಅವರು ಸ್ಕೋರ್ ಕೇಳಲಿಲ್ಲ. ಅವನು ಸ್ಟಂಪ್ ಹಿಂದೆ ಕುಕ್ಕರಗಾಲಲ್ಲಿ ಕೂತು ಏಳುವುದನ್ನೇ ಎಣಿಸುತ್ತಿದ್ದರು.

ಈಗ ಅವರದೇ ಮಂಡಿ ನೋಯುತ್ತಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ. ಡಾಕ್ಟರ ಹತ್ತಿರ ಹೋಗೋಣ ಎಂದು ಅಕ್ಕ ಗೋಗರೆದರೆ ಸಿಗುವ ಉತ್ತರ: "ಏನಿಲ್ಲ ಕಣೇ, ನಿಗಾ ಇಟ್ಟಿದ್ದೀನಿ." ಹೆಚ್ಚಿನ ವಿವರ ಮನೆಯ ಯಾರಿಗೂ ಲಭ್ಯವಾಗಿಲ್ಲ.

ಇಂಥ ಒಬ್ಬರು ನಿಮ್ಮ ಬಳಗದಲ್ಲೂ ಇದ್ದೇ ಇರುತ್ತಾರೆ. ಶುಭಕಾರ್ಯಕ್ಕೆ ಅವರನ್ನು ಕರೆಯದೆ ಇರಬೇಡಿ, ಅವರಿಲ್ಲದ ಮದುವೆ ಸಪ್ಪೆ. ಆದರೆ ಭಾರತ ತಂಡದ ಪಟ್ಟಿಯನ್ನೊಮ್ಮೆ ನೋಡಿ, ಅದರಲ್ಲಿರುವ ಹೆಸರಿನ ಅಳಿಯನನ್ನು ಆರಿಸಿದ್ದರೆ, ಮುಹೂರ್ತ ಮುಗಿಯುವವರೆಗೆ ಅವರ ಫೋನನ್ನು ದಯವಿಟ್ಟು ಅಡುಗೆ ಭಟ್ಟರ ವಶಕ್ಕೆ ಕೊಟ್ಟಿರಿ.